ಕುದಿ ಬಂದ ಮೇಲೆ ಉರಿಗೇನು ಕೆಲಸ?

ಹೋದ ತಿಂಗಳು ಬೆಂಗಳೂರಿಗೆ ಹೋಗಿ ಮಗನ ಮನೆಯಲ್ಲಿ ಹದಿನೈದು ದಿನ ಇದ್ದು ಬಂದೆ. ಮಗ, ಸೊಸೆ ಇಬ್ಬರೂ ಒಳ್ಳೆಯವರು, ನನ್ನನ್ನು ಚೆನ್ನಾಗಿ ನೋಡಿಕೊಂಡರು. ಆದರೆ ಅವರ ಅಡುಗೆಮನೆಯಲ್ಲಿ ನಿಂತರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಕುಚ್ಚಲಕ್ಕಿ ಬೇಯಿಸಲು ಕುಕ್ಕರಿನಲ್ಲಿ ಹನ್ನೆರಡು ಕೂಗು! ನಾನೇ ಕೂತು ಎಣಿಸಿದ್ದೇನೆ. ಉರಿ ಪೂರ್ತಿ ದೊಡ್ಡದು, ಪಾತ್ರೆಯ ಅಡಿ ದಾಟಿ ಬದಿಗೆಲ್ಲ ಏರುತ್ತಿತ್ತು. ಒಂದು ಕುಡ್ತೆ ಅಕ್ಕಿಗೆ ಐದು ಲೀಟರಿನ ಕುಕ್ಕರ್. ಪಕ್ಕದ ಒಲೆಯಲ್ಲಿ ನೆನೆಸದ ಬೇಳೆ, ಮುಚ್ಚಳವೂ ಇಲ್ಲದೆ ಕೊತಕೊತ ಕುದಿಯುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ದಿನಾ ಒಂದೇ ಮಾತು. "ಈ ತಿಂಗಳೂ ಖರ್ಚು ಕೈ ಮೀರಿತು ಅಮ್ಮ, ಏನು ಮಾಡುವುದು?"

ಏನು ಮಾಡುವುದು ಅಂತ ಹೇಳುತ್ತೇನೆ, ಕೇಳಿ. ಬೆಲೆ ಏರಿದ್ದು ಸುಳ್ಳಲ್ಲ. 2023ರ ಮಾರ್ಚ್‌ನಲ್ಲಿ 14.2 ಕೆಜಿಯ ಸಿಲಿಂಡರ್ ಸಾವಿರದ ನೂರು ರೂಪಾಯಿ ದಾಟಿದ್ದು ನನಗೆ ನೆನಪಿದೆ. ಆಮೇಲೆ ಇಳಿಸಿದರು, 2025ರ ಏಪ್ರಿಲ್‌ನಲ್ಲಿ ಮತ್ತೆ 50 ರೂಪಾಯಿ ಏರಿತು. ಅದೇ ತಿಂಗಳು ನಂದಿನಿ ಹಾಲಿಗೂ ಲೀಟರಿಗೆ 4 ರೂಪಾಯಿ ಜಾಸ್ತಿ. ಅದೇ ವರ್ಷ ತೆಂಗಿನಕಾಯಿ, ತೆಂಗಿನೆಣ್ಣೆ ಮುಟ್ಟಿದರೆ ಕೈ ಸುಡುವ ಹಾಗಾಯಿತು. ನಾವು ಉರಿಸುವ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಬರುತ್ತದೆ, ಅದರಲ್ಲೂ ಗಲ್ಫ್ ಕಡೆಯಿಂದ. ಅಲ್ಲಿನ ಬೆಲೆ ನಮ್ಮ ಕೈಯಲ್ಲಿಲ್ಲ. ಒಲೆಯ ಕಿವಿ ತಿರುಗಿಸುವುದು ನಮ್ಮ ಕೈಯಲ್ಲೇ ಇದೆ ಅಲ್ವಾ?

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ನೀರು ಕುದಿ ಬಂದ ಮೇಲೆ ನೀವು ಎಷ್ಟು ಉರಿ ಕೊಟ್ಟರೂ ಅದು ಇನ್ನೂ ಬಿಸಿಯಾಗುವುದಿಲ್ಲ. ಸುಮ್ನೆ ಆವಿಯಾಗಿ ಹೋಗುತ್ತದೆ, ಅಷ್ಟೇ. ಕುಕ್ಕರಿನದ್ದೂ ಅದೇ ಕತೆ. ಕೂಗು ಅಂದರೆ ಅಡುಗೆ ಬೆಂದ ಸುದ್ದಿಯಲ್ಲ, ದುಡ್ಡು ಕೊಟ್ಟು ಕಾಯಿಸಿದ ಹಬೆ ಹೊರಗೆ ಹೋಗುವ ಸದ್ದು. ಒಂದು ಕೂಗು ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ. ನೆನೆಸಿದ ತೊಗರಿಬೇಳೆಯಾದರೆ ಐದಾರು ನಿಮಿಷಕ್ಕೆ ಆರಿಸಿ ಬಿಡಿ. ಒಳಗಿನ ಹಬೆ ತಾನಾಗಿ ಇಳಿಯುವ ಹೊತ್ತಿಗೆ ಬೇಳೆ ಬೆಣ್ಣೆಯ ಹಾಗೆ ಆಗಿರುತ್ತದೆ. ಅವಸರ ಮಾಡಿ ತೂಕ ಎತ್ತಿ ಹಬೆ ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನು ಒಲೆಯಿಂದ ಇಳಿಸಿದ ಅನ್ನವನ್ನು ಅದರದ್ದೇ ಬಿಸಿಯಲ್ಲಿ ಬೇಯಿಸುವ ನಮ್ಮ ಬೈಹುಲ್ಲಿನ ಬುಟ್ಟಿಯ ವಿಷಯ. ಇದನ್ನು ಬರೆಯಲೆಂದೇ ಕೂತದ್ದು.

ನಾನು ಪುತ್ತೂರಿನ ಹತ್ತಿರದ ಒಂದು ತೋಟದ ಮನೆಗೆ 1972ರಲ್ಲಿ ಮದುವೆಯಾಗಿ ಬಂದೆ. ಮನೆಯಲ್ಲಿ ಹದಿನಾಲ್ಕು ಜನ. ಮರುವರ್ಷ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು ಅಂತ ರೇಡಿಯೋದಲ್ಲಿ ಬಂತು. ಸೀಮೆಎಣ್ಣೆಗೆ ಕ್ಯೂ, ದಿನಸಿಗೆಲ್ಲ ಬೆಂಕಿ ಬೆಲೆ. ಆದರೆ ನಮ್ಮ ಅತ್ತೆಗೆ ಅದೇನೂ ಹೊಸತಾಗಿರಲಿಲ್ಲ. ಅವರು ವರ್ಷವೂ ಆಟಿ ತಿಂಗಳಿಗೆ ತಯಾರಾಗುತ್ತಿದ್ದವರು. ಆಟಿ ಅಂದರೆ ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು, ಬಿಡದೆ ಸುರಿಯುವ ಮಳೆ. ಗದ್ದೆಯ ಕೆಲಸ ಮುಗಿದಿರುತ್ತದೆ, ಕೈಯಲ್ಲಿ ಕಾಸಿಲ್ಲ, ಸೌದೆಯೆಲ್ಲ ಥಂಡಿ. ಆಗ ಅನ್ನ ಬೇಯಿಸಲು ಗಂಟೆಗಟ್ಟಲೆ ಒಲೆ ಊದುತ್ತ ಕೂರಲು ಆಗುತ್ತದಾ? ಅದಕ್ಕೇ ಅಡುಗೆಮನೆಯ ಮೂಲೆಯಲ್ಲಿ ಬೈಹುಲ್ಲಿನ ಬುಟ್ಟಿ ಇರುತ್ತಿತ್ತು. ಅನ್ನ ಅದರಲ್ಲೇ ಬೇಯುತ್ತಿತ್ತು. ಇವತ್ತಿಗೂ ನಮ್ಮ ಮನೆಯಲ್ಲಿ ಹಾಗೆಯೇ. ನಾವಿಬ್ಬರೇ ಇರುವ ಮನೆಯಲ್ಲಿ ಸಿಲಿಂಡರ್ ಮೂರು ತಿಂಗಳು ದಾಟುತ್ತದೆ.

ಬಿದಿರಿನ ಬುಟ್ಟಿ ಒಂದು ತೆಗೆದುಕೊಳ್ಳಿ. ನಿಮ್ಮ ಅನ್ನದ ಪಾತ್ರೆ ಇಟ್ಟರೆ ಸುತ್ತಲೂ ಒಂದು ಗೇಣು ಜಾಗ ಉಳಿಯಬೇಕು. ಒಳಗೆ ಹಳೆ ಗೋಣಿ ಹಾಸಿ, ಅಡಿಗೆ ನಾಲ್ಕು ಬೆರಳಿಗಿಂತ ಜಾಸ್ತಿ ಬೈಹುಲ್ಲು ಒತ್ತಿ ತುಂಬಿಸಿ. ಮೇಲೆ ಖಾಲಿ ಪಾತ್ರೆ ಇಟ್ಟು ಸುತ್ತಲೂ ಹುಲ್ಲು ತುರುಕಿ. ಮುಷ್ಟಿಯಿಂದ ಗುದ್ದಿ ಗುದ್ದಿ ತುರುಕಬೇಕು. ಪಾತ್ರೆ ತೆಗೆದಾಗ ಹಕ್ಕಿಗೂಡಿನ ಹಾಗೆ ಅದರದ್ದೇ ಅಚ್ಚು ಉಳಿಯಬೇಕು. ಪಾತ್ರೆಗೂ ಹುಲ್ಲಿಗೂ ನಡುವೆ ಬೆರಳು ಆಡುವಷ್ಟು ಜಾಗ ಇದ್ದರೂ ಅಲ್ಲಿ ಗಾಳಿ ಸುತ್ತಿ ಬಿಸಿ ಕಳೆದುಹೋಗುತ್ತದೆ. ಆ ಗೂಡಿನೊಳಗೆ ಹಳೆ ಹತ್ತಿ ಸೀರೆ ಎರಡು ಪದರ ಹಾಸಿ. ನೈಲಾನ್ ಬೇಡ. ಮೇಲೆ ಮುಚ್ಚಲು ಹುಲ್ಲೋ ಹಳೆ ಹತ್ತಿಯೋ ತುಂಬಿದ ದಪ್ಪ ದಿಂಬು ಹೊಲಿದಿಟ್ಟುಕೊಳ್ಳಿ. ದಿಂಬು ಬುಟ್ಟಿಯ ಬಾಯಿಗಿಂತ ಸ್ವಲ್ಪ ದೊಡ್ಡದೇ ಇರಲಿ, ಒತ್ತಿ ಕೂರಿಸಬೇಕು. ಅರ್ಧ ಗಂಟೆ ಬಿಟ್ಟು ಬುಟ್ಟಿಯ ಹೊರಬದಿಗೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಆ ಜಾಗದಲ್ಲಿ ಹುಲ್ಲು ಸಾಲದು ಅಂತ ಅರ್ಥ.

ಕುಚ್ಚಲಕ್ಕಿಯನ್ನು ರಾತ್ರಿಯೇ ತೊಳೆದು ನೆನೆಹಾಕಿ, ಆಗದಿದ್ದರೆ ಬೆಳಗ್ಗೆ ಎದ್ದ ಕೂಡಲೇ. ಪಾತ್ರೆ ದಪ್ಪ ತಳದ್ದು, ಮುಚ್ಚಳ ಬಿಗಿಯಾಗಿ ಕೂರಬೇಕು. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು, ಇದು ಬಹಳ ಮುಖ್ಯ. ದೊಡ್ಡ ಪಾತ್ರೆಯಲ್ಲಿ ತಳದಲ್ಲಿ ಒಂಚೂರು ಅಕ್ಕಿ ಹಾಕಿ ಬುಟ್ಟಿಗಿಟ್ಟರೆ ಅದರಲ್ಲಿ ಬಿಸಿ ಎಲ್ಲಿಂದ ಉಳಿಯಬೇಕು? ಇಬ್ಬರೇ ಇದ್ದರೆ ಸಣ್ಣ ಪಾತ್ರೆ ಇಡಿ. ನೀರು ಧಾರಾಳ ಇರಲಿ, ಕೊನೆಗೆ ಬಸಿಯುವುದು ತಾನೆ. ಮುಚ್ಚಳ ಮುಚ್ಚಿಯೇ ಕುದಿ ಬರಿಸಿ, ಉರಿ ಪಾತ್ರೆಯ ಅಡಿಯಲ್ಲೇ ಇರಲಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಹದಿನೈದು ನಿಮಿಷ ಬಿಡಿ, ಹಳೆ ಅಕ್ಕಿಯಾದರೆ ಇಪ್ಪತ್ತು. ಒಂದು ಅಗುಳು ಹಿಚುಕಿದರೆ ಹೊರಗೆ ಮೆತ್ತಗೆ, ನಡುವೆ ಬಿಳಿ ಚುಕ್ಕೆಯಷ್ಟು ಗಟ್ಟಿ ಇರಬೇಕು. ಅದೇ ಹದ. ನೋಡಿದ ಮೇಲೆ ಮುಚ್ಚಳ ಹಾಕಿ ಇನ್ನೊಮ್ಮೆ ಕುದಿ ಬರಿಸಿ, ಕುದಿಯುತ್ತಿರುವಾಗಲೇ ಇಳಿಸಿ. ಪಾತ್ರೆಯ ಅಡಿ ಒರೆಸಿ ಸೀದಾ ಗೂಡಿಗೆ, ಮೇಲೆ ದಿಂಬು. "ಗ್ಯಾಸ್ ಆರಿಸಿ ಫೋನ್ ಮುಗಿಸಿ ಬಂದೆ" ಅಂದರೆ ಆಗದು.

ಆಮೇಲೆ ಒಂದೂವರೆಯಿಂದ ಎರಡು ಗಂಟೆ ಮುಟ್ಟಬೇಡಿ. ಬೆಂದಿದೆಯಾ ಅಂತ ನಡುವೆ ಮುಚ್ಚಳ ಎತ್ತಿ ನೋಡುವ ಚಟ ಈಗಿನವರಿಗೆ ಜಾಸ್ತಿ. ಒಮ್ಮೆ ಎತ್ತಿದರೆ ಆ ದಿನದ ಅನ್ನ ಕೆಟ್ಟ ಹಾಗೆ. ನನ್ನ ಮೈದುನ ಸಣ್ಣವನಿದ್ದಾಗ ಹಸಿವು ತಡೆಯದೆ ದಿಂಬು ಎತ್ತಿ ಕೈ ಹಾಕಿದ್ದ. ಅವತ್ತು ಹದಿನಾಲ್ಕು ಜನರೂ ಅರೆಬೆಂದ ಅನ್ನ ತಿಂದೆವು. ಅತ್ತೆ ಬೈಯಲಿಲ್ಲ. ಮರುದಿನದಿಂದ ಆ ಬುಟ್ಟಿ ಕಾಯುವ ಕೆಲಸ ಅವನಿಗೇ ಕೊಟ್ಟರು. ದಿಂಬಿನ ಮೇಲೆ ಪುಸ್ತಕ ಇಟ್ಟು ಓದುತ್ತ ಕೂರುತ್ತಿದ್ದ.

ಎರಡು ಗಂಟೆ ಕಳೆದ ಮೇಲೆ ತೆಗೆದು ಬಸಿಯಿರಿ. ಅಗುಳು ಒಡೆದಿರುವುದಿಲ್ಲ, ತಳ ಹಿಡಿದಿರುವುದಿಲ್ಲ. ಕುಕ್ಕರಿನ ಮುದ್ದೆ ಅನ್ನ ತಿಂದವರಿಗೆ ಇದರ ರುಚಿ ಬೇರೆಯೇ ಅನ್ನಿಸುತ್ತದೆ. ಆದರೆ ರಾತ್ರಿಯಿಡೀ ಬುಟ್ಟಿಯಲ್ಲಿ ಬಿಡಬೇಡಿ, ಉಗುರುಬೆಚ್ಚಗಾದ ಅನ್ನ ಬೇಗ ಹಳಸುತ್ತದೆ. ರಾಜ್ಮಾ ಅಂತೂ ಬುಟ್ಟಿಗೆ ಬೇಡವೇ ಬೇಡ. ಅದು ಜೋರು ಕುದಿಯಲ್ಲೇ ಪೂರ್ತಿ ಬೇಯಬೇಕು, ಅರೆಬೆಂದದ್ದು ತಿಂದರೆ ಹೊಟ್ಟೆ ಕೆಡುತ್ತದೆ. ವಾರಕ್ಕೊಮ್ಮೆ ಬುಟ್ಟಿ, ದಿಂಬು ಎರಡನ್ನೂ ಬಿಸಿಲಿಗೆ ಇಡಿ. ಹಬೆಗೆ ಹುಲ್ಲು ಥಂಡಿಯಾಗಿ ಬೂಸ್ಟು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಹೊಸ ಹುಲ್ಲು ತುಂಬಿಸಿ.

ಬಸಿದ ತೆಳಿಯನ್ನು ಸಿಂಕಿಗೆ ಚೆಲ್ಲಿದರೆ ನನಗೆ ಸಿಟ್ಟು ಬರುತ್ತದೆ. ಬಿಸಿ ಇರುವಾಗಲೇ ಚಿಟಿಕೆ ಉಪ್ಪು ಹಾಕಿ, ಒಂದು ಚಮಚ ತುಪ್ಪ ಬಿಟ್ಟು ಕುಡಿಯಿರಿ. ಮಧ್ಯಾಹ್ನದ ಚಹಾ ಉಳಿಯುತ್ತದೆ. ಉಳಿದ ತೆಳಿ ಹತ್ತಿ ಸೀರೆಗೆ. ಹೇಳಿದ್ದಕ್ಕೆ ನೆನಪಾಯಿತು, ಈಗ ಗಂಜಿ ಹಾಕಲು ಬಾಟಲಿಯಲ್ಲಿ ಬರುವ ಪುಡಿಗೂ ನೀರಿಗೂ ದುಡ್ಡು ಕೊಡುತ್ತಾರೆ. ತೆಳಿಯನ್ನು ತೆಳುಬಟ್ಟೆಯಲ್ಲಿ ಸೋಸಿ. ಒಂದು ಅಗುಳು ಉಳಿದರೂ ಸೀರೆಯ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಸೋಸಿದ್ದಕ್ಕೆ ನೀರು ಬೆರೆಸಿ ತೆಳ್ಳಗೆ ಮಾಡಿ, ಒದ್ದೆ ಸೀರೆಯನ್ನೇ ಅದ್ದಿ. ಒಣ ಸೀರೆ ಅದ್ದಿದರೆ ಒಂದು ಕಡೆ ಹಲಗೆ, ಒಂದು ಕಡೆ ಮೆತ್ತಗೆ. ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗುವ ಮೊದಲೇ ಎಳೆದು ಮಡಚಿ. ಇಸ್ತ್ರಿಯೇ ಬೇಡ, ಕರೆಂಟೂ ಉಳಿಯಿತು.

ಮತ್ತೆ ದಿನಸಿಗೆ ಬರೋಣ. 2023ರ ಜುಲೈಯಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ಎಲ್ಲರೂ ಬೊಬ್ಬೆ ಹಾಕಿದರು. ನನ್ನ ಅಮ್ಮ ಸಾರಿಗೆ ಟೊಮೆಟೊ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಪುನರ್ಪುಳಿ, ಅಂದರೆ ಕೋಕಂ, ಅದರ ಸಿಪ್ಪೆ ನಾಲ್ಕು, ಸ್ವಲ್ಪ ಬೆಲ್ಲ, ಉಪ್ಪು, ಒಗ್ಗರಣೆ. ಸಾರು ಆಯಿತು. ಮಳೆಗಾಲಕ್ಕೆ ಮೊದಲು ಒಣಗಿಸಿ ಇಟ್ಟರೆ ವರ್ಷವಿಡೀ ಬರುತ್ತದೆ. ಅಂಬಟೆ ಇದೆ, ಬೀಂಬುಳಿ ಇದೆ, ಹುಳಿಗೆ ಟೊಮೆಟೊವನ್ನೇ ಯಾಕೆ ಹಿಡಿದುಕೊಂಡು ಕೂರಬೇಕು? ಮಂಗಳೂರು ಸೌತೆಕಾಯಿ ಬೇಸಿಗೆಯಲ್ಲಿ ಅಗ್ಗ ಇರುವಾಗ ಹತ್ತಿಪ್ಪತ್ತು ತಂದು, ಒಂದಕ್ಕೊಂದು ತಾಗದ ಹಾಗೆ ಬಾಳೆನಾರಿನಲ್ಲಿ ಕಟ್ಟಿ ಮನೆಯ ಮಾಡಿನ ಜಂತಿಗೆ ತೂಗುಹಾಕಿ. ಆಟಿವರೆಗೂ ಕೆಡುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಕೊಳೆಸಬೇಡಿ. ಹೀರೆಕಾಯಿ ಸಿಪ್ಪೆ, ಬಾಳೆಕಾಯಿ ಸಿಪ್ಪೆ ಚಟ್ನಿಗೆ. ಹಲಸಿನ ಬೀಜ ಬಿಸಾಡುವವರಿಗೆ ಏನು ಹೇಳುವುದೋ ಗೊತ್ತಿಲ್ಲ.

ತೆಂಗಿನಕಾಯಿ ತುಟ್ಟಿ ಅಂತ ತಂಬುಳಿ ಬಿಡಬೇಡಿ. ತಂಬುಳಿಯಷ್ಟು ಗ್ಯಾಸ್ ಉಳಿಸುವ ಪದಾರ್ಥ ಇನ್ನೊಂದಿಲ್ಲ. ಒಂದೆಲಗವೋ ಸಾಂಬಾರ ಬಳ್ಳಿಯ (ದೊಡ್ಡಪತ್ರೆಯ) ಎಲೆಯೋ ಒಂದು ಹಿಡಿ, ಜೀರಿಗೆ, ಮುಷ್ಟಿ ಕಾಯಿತುರಿ, ಮಜ್ಜಿಗೆ. ಸಾಂಬಾರ ಬಳ್ಳಿಯನ್ನು ಒಂದು ಸುತ್ತು ಬಾಡಿಸಿದರೆ ಸಾಕು. ಕಾಯಿಯನ್ನು ನುಣ್ಣಗೆ ರುಬ್ಬಿ. ತರಿತರಿ ರುಬ್ಬಿ, ತೆಳ್ಳಗಾಯಿತು ಅಂತ ಇನ್ನೊಂದು ಹೋಳು ತುರಿಯುವವರನ್ನು ನೋಡಿದ್ದೇನೆ. ನುಣ್ಣಗೆ ರುಬ್ಬಿದರೆ ಅರ್ಧ ಕಾಯಿಯಲ್ಲೇ ಗಟ್ಟಿ ಬರುತ್ತದೆ. ಕಾಯಿಯ ಗೆರಟೆ (ಚಿಪ್ಪು) ಬಿಸಾಡಬೇಡಿ, ಊರಲ್ಲಿ ಬಚ್ಚಲೊಲೆ ಇದ್ದವರಿಗೆ ತೆಂಗಿನ ಮಡಲು (ಒಣಗರಿ), ಗೆರಟೆ ಇದ್ದರೆ ಸ್ನಾನದ ನೀರಿಗೆ ಕರೆಂಟಿನ ಖರ್ಚೇ ಇಲ್ಲ.

ಪೆಟ್ರೋಲಿನ ಬಗ್ಗೆ ಹೆಚ್ಚು ಹೇಳಲು ನನಗೆ ಗೊತ್ತಿಲ್ಲ. ಕರಿಬೇವಿನಸೊಪ್ಪು ಮುಗಿಯಿತು ಅಂತ ಅರ್ಧ ಕಿಲೋಮೀಟರಿಗೆ ಸ್ಕೂಟರ್ ಹೊರಡಿಸುವುದನ್ನು ಮಾತ್ರ ನೋಡಲಾರೆ. ಬೇಕಾದ್ದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ವಾರಕ್ಕೊಮ್ಮೆ ತನ್ನಿ. ಸಿಲಿಂಡರ್ ಹಾಕಿದ ದಿನವನ್ನೂ ಅಲ್ಲೇ ಬರೆಯಿರಿ. ಬರೆದಿಟ್ಟಾಗಲೇ ಯಾವ ತಿಂಗಳು ಬೇಗ ಮುಗಿಯಿತು ಅಂತ ಗೊತ್ತಾಗುವುದು. ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆಯ ಅಡಿ ಕಪ್ಪಾದರೆ ಬರ್ನರಿನ ತೂತು ಕಟ್ಟಿದೆ ಅಂತ ಅರ್ಥ, ತೆಗೆದು ಪಿನ್ನಿನಲ್ಲಿ ಚುಚ್ಚಿ ತೊಳೆಯಿರಿ. ಹೊಸ ಸಿಲಿಂಡರ್ ಬಂದಾಗ ತೂಕ ಮಾಡಿಸಿ ತೆಗೆದುಕೊಳ್ಳಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ, ಅದಕ್ಕೆ 14.2 ಕೂಡಿಸಿ ನೋಡಿದರೆ ಆಯಿತು. ನಾಚಿಕೆ ಯಾಕೆ?

ಮೊನ್ನೆ ಸೊಸೆ ಫೋನ್ ಮಾಡಿದ್ದಳು. "ಅತ್ತೆ, ಇಲ್ಲಿ ಬೈಹುಲ್ಲು ಎಲ್ಲಿ ಸಿಗುತ್ತದೆ? ಥರ್ಮಕೋಲ್ ಪೆಟ್ಟಿಗೆ ಆಗುತ್ತದಾ?" ಆಗುತ್ತದೆ ಮಗಾ, ಚೆನ್ನಾಗಿಯೇ ಆಗುತ್ತದೆ. ಆದರೆ ಬಿಸಿ ಪಾತ್ರೆಯನ್ನು ಥರ್ಮಕೋಲಿಗೆ ನೇರ ತಾಗಿಸಬೇಡ, ಕರಗುತ್ತದೆ. ಮೊದಲು ಗೋಣಿ, ಮೇಲೆ ನಾಲ್ಕು ಮಡಿಕೆ ಹತ್ತಿ ಬಟ್ಟೆ. ಸಂದಿಗೆಲ್ಲ ಹಳೆ ಕಂಬಳಿ ತುರುಕು. ಮೊದಲ ಸಲ ಭಾನುವಾರವೇ ಮಾಡು, ಆಫೀಸಿನ ಅವಸರ ಇರುವುದಿಲ್ಲ. ಎರಡು ಗಂಟೆ ಆಗುವವರೆಗೆ ಮುಚ್ಚಳಕ್ಕೆ ಕೈ ಹಾಕದ ಹಾಗೆ ನನ್ನ ಮಗನನ್ನು ನೋಡಿಕೊ. ಅವನ ಚಿಕ್ಕಪ್ಪನ ಬುದ್ಧಿಯೇ ಅವನಿಗೂ ಬಂದಿದೆ.