ಗೇರ್‌ಬಾಕ್ಸ್ ಇಳಿಸುವ ಮೊದಲು: ಹಳೆಯ ಮಜ್ದಾ ಎಂಎಕ್ಸ್-5ರ ಗೇರ್ ತೊಂದರೆಯನ್ನು ಪತ್ತೆ ಮಾಡಿದ ಬಗೆ

ತುಮಕೂರಿನ ಅಂತರಸನಹಳ್ಳಿಯ ಬಳಿಯಿರುವ ನಮ್ಮ ಗ್ಯಾರೇಜಿಗೆ ಬರುವ ಕಾರುಗಳಲ್ಲಿ ಬಹುಪಾಲು ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಚಕ್ರಗಳನ್ನು ತಿರುಗಿಸುವ ಸಣ್ಣ ಕಾರುಗಳು. ವಿದೇಶದಿಂದ ಮರಳಿದ ಕುಟುಂಬವೊಂದು ತನ್ನೊಡನೆ ತಂದು ಇಂದಿಗೂ ಪ್ರೀತಿಯಿಂದ ಓಡಿಸುತ್ತಿರುವ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಅವುಗಳಿಂದ ತೀರ ಬೇರೆ. 1989ರಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡ ಈ ಎರಡು ಆಸನಗಳ ತೆರೆದ ಕಾರಿನಲ್ಲಿ ಎಂಜಿನ್ ಉದ್ದಕ್ಕೆ ಕುಳಿತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಗೇರ್ ಲಿವರ್ ಕೇಬಲ್ಲಿನ ಹಂಗಿಲ್ಲದೆ ನೇರವಾಗಿ ಗೇರ್‌ಬಾಕ್ಸಿನೊಳಕ್ಕೇ ಇಳಿಯುತ್ತದೆ. ಎಲ್ಲವೂ ಸರಿಯಿದ್ದಾಗ ಮಣಿಕಟ್ಟನ್ನು ಆಡಿಸಿದರೆ ಸಾಕು, ಗೇರ್ ಬೀಳುತ್ತದೆ. ಈ ಕಾರಿನಲ್ಲಿ ಹಾಗೆ ಬೀಳುತ್ತಿರಲಿಲ್ಲ.

ಮಾಲೀಕರ ದೂರು ಮೂರು ಬಗೆಯದಾಗಿತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎರಡನೆಯ ಗೇರ್ ಬಿಗಿಯಾಗಿ ಕೆಲವೊಮ್ಮೆ ಕರಕರ ಎನ್ನುತ್ತಿತ್ತು. ಮಧ್ಯಾಹ್ನ ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ ಮೊದಲನೆಯ ಗೇರ್ ಮತ್ತು ರಿವರ್ಸ್ ಎರಡೂ ಬೀಳಲು ಹಟ ಮಾಡುತ್ತಿದ್ದವು. ಇದರ ಜೊತೆಗೆ ಲಿವರ್ ಸಡಿಲವಾಗಿ ಆಡುತ್ತಿತ್ತು ಮತ್ತು ಅದರ ಬುಡದಿಂದ ಬಿಸಿಗಾಳಿಯೂ ಕಾದ ಎಣ್ಣೆಯ ವಾಸನೆಯೂ ಒಳಗೆ ಬರುತ್ತಿದ್ದವು. ಬೇರೊಂದು ಕಡೆ ಇದನ್ನೆಲ್ಲ ಕೇಳಿ ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಲೇಬೇಕೆಂದು ಅವರಿಗೆ ಹೇಳಿದ್ದರಂತೆ.

ನನಗೆ ಮೊದಲು ಗಮನಕ್ಕೆ ಬಂದದ್ದು ದೂರುಗಳ ಹೊತ್ತು. ತಣ್ಣಗಿರುವಾಗ ಕಾಡಿ ಬಿಸಿಯಾದಂತೆ ಕಡಿಮೆಯಾಗುವ ತೊಂದರೆಯೂ, ತಣ್ಣಗಿರುವಾಗ ಇಲ್ಲದೆ ಬಿಸಿಯಾದಂತೆ ಹೆಚ್ಚುವ ತೊಂದರೆಯೂ ಒಂದೇ ಮೂಲದಿಂದ ಬರುವುದು ಅಪರೂಪ. ಹಾಗಾಗಿ ಇಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳಿವೆ ಎಂದು ಇಟ್ಟುಕೊಂಡು, ಯಾವುದನ್ನೂ ಬಿಚ್ಚದೆ ಅವುಗಳನ್ನು ಬೇರ್ಪಡಿಸುವ ಪರೀಕ್ಷೆಗಳಿಂದ ಆರಂಭಿಸಿದೆ. ಈ ಕಾರಿನಲ್ಲಿ ಗೇರ್‌ಬಾಕ್ಸನ್ನು ಆತುರದಿಂದ ಇಳಿಸಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಇದರ ಗೇರ್‌ಬಾಕ್ಸಿಗೆ ಬೇರೆ ಕಾರುಗಳಲ್ಲಿರುವಂತೆ ಹಿಂಬದಿಯಲ್ಲಿ ಅಡ್ಡಪಟ್ಟಿಯ ಆಸರೆ ಇಲ್ಲ. ಗೇರ್‌ಬಾಕ್ಸಿನಿಂದ ಹಿಂದಿನ ಎರಡು ಚಕ್ರಗಳಿಗೆ ಶಕ್ತಿಯನ್ನು ಹಂಚುವ ಡಿಫರೆನ್ಷಿಯಲ್‌ವರೆಗೆ ಉದ್ದವಾದ ಅಲ್ಯೂಮಿನಿಯಂ ಚೌಕಟ್ಟೊಂದು ಹಾದುಹೋಗಿ ಎರಡನ್ನೂ ಒಂದಾಗಿ ಹಿಡಿದಿರುತ್ತದೆ. ಅದನ್ನು ಬಿಚ್ಚಿ ಮರಳಿ ಕಟ್ಟುವಾಗ ಅಳತೆ ತಪ್ಪಿದರೆ ನಡುಕ ಮತ್ತು ಸದ್ದು ಹೊಸದಾಗಿ ಹುಟ್ಟಿಕೊಳ್ಳುತ್ತವೆ.

ಪರೀಕ್ಷೆಗೂ ಮುಂಚೆ ಚಾಲಕನ ಕಾಲಡಿಯ ಮ್ಯಾಟನ್ನು ತೆಗೆದಿಟ್ಟೆ. ದಪ್ಪ ಮ್ಯಾಟ್ ಪೆಡಲಿನ ಅಡಿಗೆ ಸಿಕ್ಕಿ ಕ್ಲಚ್ ಪೂರ್ತಿ ಇಳಿಯದಂತೆ ತಡೆದ ಕಾರುಗಳನ್ನು ನಾನು ಕಂಡಿದ್ದೇನೆ.

ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ, ಐದೂ ಗೇರ್‌ಗಳನ್ನೂ ರಿವರ್ಸನ್ನೂ ನಿಧಾನವಾಗಿ ಹಾಕಿ ನೋಡಿದೆ. ಲಿವರ್ ಸಡಿಲವೆನಿಸಿದರೂ ಎಲ್ಲವೂ ತಡೆಯಿಲ್ಲದೆ ಬಿದ್ದವು. ಎಂಜಿನ್ ಓಡುತ್ತಿರುವಾಗ ಮಾತ್ರ ಗೇರ್ ಬಿಗಿಯಾಗುತ್ತದೆಂದರೆ ಕ್ಲಚ್ ಒತ್ತಿದ ಮೇಲೂ ಎಂಜಿನ್ನಿನ ತಿರುಗುವಿಕೆ ಗೇರ್‌ಬಾಕ್ಸಿಗೆ ತಲುಪುತ್ತಲೇ ಇದೆ ಎಂದು ಅನುಮಾನಿಸಬೇಕು. ನಮ್ಮ ಕಡೆ ಇದನ್ನು ಕ್ಲಚ್ ಬಿಡಿಸುತ್ತಿಲ್ಲ ಎನ್ನುತ್ತೇವೆ. ಅದನ್ನು ಖಚಿತಪಡಿಸಲು ರಿವರ್ಸ್ ಗೇರ್ ಒಳ್ಳೆಯ ಸಾಕ್ಷಿ. ಹಳೆಯ ಗೇರ್‌ಬಾಕ್ಸುಗಳಲ್ಲಿ ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೊ, ಅಂದರೆ ಗೇರ್ ಬೀಳುವ ಮುನ್ನ ವೇಗ ಹೊಂದಿಸುವ ಉಂಗುರ, ಇರುವುದಿಲ್ಲ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ಕಾದರೆ ಒಳಗಿನ ಶಾಫ್ಟ್ ತಾನಾಗಿ ನಿಲ್ಲಬೇಕು, ರಿವರ್ಸ್ ಸದ್ದಿಲ್ಲದೆ ಬೀಳಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಈ ಪರೀಕ್ಷೆ ಮಾಡಿದಾಗ ಎಷ್ಟು ಕಾದರೂ ಹಲ್ಲುಗಳು ಉಜ್ಜುವ ಸದ್ದು ಬಂತು. ಆದರೆ ಪೆಡಲನ್ನು ಬೇಗಬೇಗ ಮೂರ್ನಾಲ್ಕು ಬಾರಿ ಒತ್ತಿ ಬಿಟ್ಟು ಮತ್ತೆ ಹಾಕಿದಾಗ ರಿವರ್ಸ್ ಮೃದುವಾಗಿ ಬಿತ್ತು.

ಕ್ಲಚ್ ಡಿಸ್ಕನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟ್ ಬಗ್ಗಿದ್ದರೆ, ಡಿಸ್ಕ್ ಶಾಫ್ಟಿನ ಮೇಲೆ ಅಂಟಿಕೊಂಡಿದ್ದರೆ ಅಥವಾ ಶಾಫ್ಟಿನ ತುದಿಗೆ ಆಸರೆಯಾದ ಪೈಲಟ್ ಬೇರಿಂಗ್ ಹಿಡಿದುಕೊಂಡಿದ್ದರೆ ಪೆಡಲನ್ನು ಎಷ್ಟು ಬಾರಿ ಒತ್ತಿದರೂ ಪರಿಸ್ಥಿತಿ ಬದಲಾಗದು. ಪಂಪ್ ಮಾಡಿದಾಗ ಸುಧಾರಿಸಿತೆಂದರೆ ತೊಂದರೆ ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ದ್ರವದ ಹಾದಿಯಲ್ಲಿದೆ: ಪೆಡಲಿನ ಬದಿಯ ಮಾಸ್ಟರ್ ಸಿಲಿಂಡರ್, ಕೊಳವೆ, ರಬ್ಬರ್ ಹೋಸ್, ಕ್ಲಚ್ಚಿನ ಬದಿಯ ಸ್ಲೇವ್ ಸಿಲಿಂಡರ್, ಇಲ್ಲವೇ ಇವುಗಳ ನಡುವೆ ಎಲ್ಲೋ ಸೇರಿಕೊಂಡ ಗಾಳಿ. ಇವೆಲ್ಲವೂ ಗೇರ್‌ಬಾಕ್ಸಿನ ಹೊರಗಿವೆ.

ಬಾನೆಟ್ ತೆರೆದು ನೋಡಿದಾಗ ಕ್ಲಚ್ಚಿನ ಪುಟ್ಟ ದ್ರವಪಾತ್ರೆಯಲ್ಲಿ ಮಟ್ಟ ಕೆಳಗಿಳಿದಿತ್ತು, ದ್ರವ ಕಪ್ಪಗಾಗಿತ್ತು. ಮಾಸ್ಟರ್ ಸಿಲಿಂಡರಿನ ಸೀಲ್ ಒಳಗೊಳಗೇ ಸೋತಿದ್ದರೆ ಪೆಡಲನ್ನು ಒತ್ತಿ ಹಿಡಿದಾಗ ಅದು ಮೆಲ್ಲನೆ ಕುಸಿಯುತ್ತದೆ, ಆದರೆ ಪಾತ್ರೆಯ ಮಟ್ಟ ಇಳಿಯುವುದಿಲ್ಲ. ಮಟ್ಟ ಇಳಿದಿದೆಯೆಂದರೆ ದ್ರವ ಎಲ್ಲೋ ಹೊರಗೆ ಹೋಗುತ್ತಿದೆ. ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ (ಬರೀ ಜಾಕಿನ ಮೇಲಿರುವ ಕಾರಿನ ಕೆಳಗೆ ನಾನೂ ಹೋಗುವುದಿಲ್ಲ, ಹುಡುಗರನ್ನೂ ಬಿಡುವುದಿಲ್ಲ) ಗೇರ್‌ಬಾಕ್ಸಿನ ಬಲಬದಿಗೆ ಹೊರಗಿನಿಂದ ಕೂರಿಸಿರುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಹಿಂದೆಗೆದಾಗ ಒಳಗೆ ನಿಂತಿದ್ದ ದ್ರವ ಹರಿದುಬಂತು. ಸಹಾಯಕ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಫೋರ್ಕನ್ನು ತಳ್ಳುವ ಸರಳು ಎಷ್ಟು ಚಲಿಸುತ್ತದೆಂದು ಅಳೆದಿಟ್ಟುಕೊಂಡೆ; ಪಂಪ್ ಮಾಡಿದ ನಂತರ ಅದರ ಚಲನೆ ಕಣ್ಣಿಗೆ ಕಾಣುವಷ್ಟು ಹೆಚ್ಚುತ್ತಿತ್ತು. ಈ ಅಳತೆಯನ್ನು ದುರಸ್ತಿಗೆ ಮೊದಲು ಮತ್ತು ನಂತರ ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ, ಏಕೆಂದರೆ ಪೆಡಲ್ ಈಗ ಗಟ್ಟಿಯಾಗಿದೆ ಎಂಬ ಕಾಲಿನ ಅನಿಸಿಕೆ ಯಾವಾಗಲೂ ನಂಬುವಂಥದ್ದಲ್ಲ.

ಸ್ಲೇವ್ ಸಿಲಿಂಡರನ್ನು ಬಿಚ್ಚಿ ನೋಡಿದಾಗ ಒಳಗೋಡೆಯಲ್ಲಿ ತುಕ್ಕಿನ ಗುಳಿಗಳಿದ್ದವು. ಗ್ಲೈಕಾಲ್ ಆಧಾರದ ಕ್ಲಚ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ದ್ರವಕ್ಕೆ ಹೊಸದಾಗಿದ್ದಾಗ ಇರಬೇಕಾದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಸ್ಥಿತಿಯಲ್ಲಿ 140 ಡಿಗ್ರಿ ಮಾತ್ರ. ವರ್ಷಗಟ್ಟಲೆ ಬದಲಿಸದೆ ಬಿಟ್ಟ ದ್ರವದಲ್ಲಿ ಸೇರಿದ ಆ ತೇವವೇ ಸಿಲಿಂಡರನ್ನು ಒಳಗಿನಿಂದ ತಿನ್ನುತ್ತದೆ. ಗುಳಿಬಿದ್ದ ಗೋಡೆಗೆ ಹೊಸ ರಬ್ಬರ್ ಕಿಟ್ ಹಾಕಿದರೆ ಕೆಲವೇ ತಿಂಗಳಲ್ಲಿ ಮತ್ತೆ ಸೋರುವುದು ಖಚಿತವೆನಿಸಿದ್ದರಿಂದ, ಹೊಸ ಸಿಲಿಂಡರನ್ನೂ, ಗಟ್ಟಿಯಾಗಿ ಬಿರುಕು ಬಿಡಲಾರಂಭಿಸಿದ್ದ ಹೋಸನ್ನೂ ಮಾಲೀಕರ ಮೂಲಕ ಹೊರದೇಶದಿಂದ ತರಿಸಿದೆವು. ಹಳೆಯ ಹೋಸನ್ನು ಹೇಗೂ ಎಸೆಯುವುದಿದ್ದರಿಂದ, ಬಿಚ್ಚುವ ಮುನ್ನ ಅದನ್ನು ಕ್ಲ್ಯಾಂಪಿನಿಂದ ಹಿಸುಕಿ ಪೆಡಲ್ ಒತ್ತಿಸಿದೆ. ಪೆಡಲ್ ಮೇಲೆಯೇ ಕಲ್ಲಿನಂತೆ ನಿಂತು ಕುಸಿಯದೆ ಉಳಿಯಿತು. ಮಾಸ್ಟರ್ ಸಿಲಿಂಡರ್ ಗಟ್ಟಿಯಾಗಿದೆಯೆಂದು ಅದರಿಂದ ತಿಳಿಯಿತು. ಉಳಿಸಿಕೊಳ್ಳಬೇಕಾದ ಹೋಸಿನ ಮೇಲೆ ಈ ಪರೀಕ್ಷೆ ಮಾಡಬಾರದು, ಒಳಪದರ ಹರಿಯುತ್ತದೆ.

ಭಾಗಗಳು ಬರುವವರೆಗೆ ಕಾರನ್ನು ಓಡಿಸಬೇಡಿರೆಂದು ಮಾಲೀಕರನ್ನು ಒತ್ತಾಯಿಸಿದೆ. ಸಿಂಕ್ರೊ ಎಂಬುದು ಹಿತ್ತಾಳೆಯ ಉಂಗುರ. ಗೇರ್ ಬೀಳುವ ಮುನ್ನ ಅದು ತನ್ನ ಘರ್ಷಣೆಯಿಂದ ಒಳಶಾಫ್ಟಿನ ಮತ್ತು ಕ್ಲಚ್ ಡಿಸ್ಕಿನ ವೇಗವನ್ನು ಹೊಂದಿಸುತ್ತದೆ. ಕ್ಲಚ್ ಪೂರ್ತಿ ಬಿಡಿಸದಿದ್ದರೆ ಆ ಪುಟ್ಟ ಉಂಗುರ ಓಡುತ್ತಿರುವ ಎಂಜಿನ್ನಿನ ವಿರುದ್ಧವೇ ಸೆಣಸಬೇಕಾಗುತ್ತದೆ. ಅಗ್ಗದ ಸ್ಲೇವ್ ಸಿಲಿಂಡರನ್ನು ಅಲಕ್ಷಿಸಿ ಓಡಿಸಿದವರು ಕೊನೆಗೆ ಗೇರ್‌ಬಾಕ್ಸಿನ ಖರ್ಚಿಗೆ ಬಂದು ನಿಲ್ಲುವುದು ಹೀಗೆ.

ಕಾಯುವ ಆ ಸಮಯದಲ್ಲಿ ಲಿವರಿನ ಬುಡವನ್ನು ಬಿಚ್ಚಿದೆ. ಒಳಗಿನ ಕನ್ಸೋಲ್ ತೆಗೆದು, ಮೂರು ಬೋಲ್ಟುಗಳನ್ನು ಸಡಿಲಿಸಿದರೆ ಇಡೀ ಲಿವರ್ ಮೇಲಕ್ಕೆ ಬರುತ್ತದೆ. ಕೆಳಗಿನ ರಬ್ಬರ್ ಬೂಟ್ ಹರಿದಿತ್ತು; ಬಿಸಿಗಾಳಿ ಮತ್ತು ವಾಸನೆಗೆ ಅದೇ ದಾರಿ. ಲಿವರಿನ ತುದಿಯ ಗುಂಡನ್ನು ಹಿಡಿಯುವ ನೈಲಾನ್ ಬುಷ್ ಸವೆದು ಒಂದು ಬದಿ ಒಡೆದಿತ್ತು. ಲಿವರ್ ಕೂರುವ ಈ ಗೂಡಿಗೆ ಗೇರ್‌ಬಾಕ್ಸಿನದಲ್ಲದೆ ತನ್ನದೇ ಆದ ಪ್ರತ್ಯೇಕ ಎಣ್ಣೆ ಬೇಕು, ಸುಮಾರು 80ರಿಂದ 90 ಮಿಲಿಲೀಟರ್. ಗೇರ್‌ಬಾಕ್ಸಿನ ಎಣ್ಣೆಯನ್ನು ಎಷ್ಟು ಬಾರಿ ಬದಲಿಸಿದರೂ ಅದು ಇಲ್ಲಿಗೆ ಬರುವುದಿಲ್ಲ, ಆದ್ದರಿಂದ ಅನೇಕ ಕಾರುಗಳಲ್ಲಿ ಈ ಗೂಡು ಒಣಗಿಯೇ ಇರುತ್ತದೆ. ಇಲ್ಲಿಯೂ ತಳದಲ್ಲಿ ಕಪ್ಪು ಜಿಡ್ಡು ಮಾತ್ರ ಉಳಿದಿತ್ತು. ಅದನ್ನು ಒರೆಸಿ, ಹೊಸ ಬುಷ್ ಮತ್ತು ಬೂಟ್ ಬಂದ ಮೇಲೆ ಹೊಸ ಎಣ್ಣೆ ಹಾಕಿ ಮುಚ್ಚಿದೆ.

ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸುವಾಗ ಮೊದಲು ತುಂಬುವ ಬಿರಡೆಯನ್ನು ಬಿಚ್ಚಿ, ಅದು ತೆರೆಯುತ್ತದೆಂದು ಖಾತ್ರಿಯಾದ ಮೇಲಷ್ಟೇ ಕೆಳಗಿನ ಬಿರಡೆಗೆ ಕೈಹಾಕಬೇಕು. ಹಳೆಯ ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ಹಿತ್ತಾಳೆಯ ನಸುಹೊಳಪು ಇತ್ತು, ಬಿರಡೆಯ ಅಯಸ್ಕಾಂತದ ಮೇಲೆ ಬೂದುಬಣ್ಣದ ನುಣ್ಣನೆಯ ಕೆಸರಿತ್ತು, ಉಕ್ಕಿನ ಚೂರುಗಳಿರಲಿಲ್ಲ. ಸಿಂಕ್ರೊ ಸ್ವಲ್ಪ ಸವೆದಿದೆ, ಬೇರಿಂಗು ಮತ್ತು ಹಲ್ಲುಗಳು ಕ್ಷೇಮವಾಗಿವೆ ಎಂದು ಇದನ್ನು ಓದಿಕೊಂಡೆ. ಜಿಎಲ್-4 ದರ್ಜೆಯ, 75ಡಬ್ಲ್ಯು-90 ಸ್ನಿಗ್ಧತೆಯ ಗೇರ್ ಎಣ್ಣೆಯನ್ನು ಎರಡು ಲೀಟರ್ ತುಂಬಿದೆ. ಡಿಫರೆನ್ಷಿಯಲ್ಲಿಗೆ ಜಿಎಲ್-5 ಸರಿ. ಆದರೆ ಘರ್ಷಣೆಯಿಂದಲೇ ಕೆಲಸ ಮಾಡುವ ಹಿತ್ತಾಳೆಯ ಸಿಂಕ್ರೊಗಳಿಗೆ ಜಿಎಲ್-4 ಹಿತವೆಂಬುದು ಹಲವು ಹಳೆಯ ಗೇರ್‌ಬಾಕ್ಸುಗಳಲ್ಲಿ ನಾನು ಕಂಡುಕೊಂಡದ್ದು.

ಹೊಸ ಸ್ಲೇವ್ ಮತ್ತು ಹೋಸ್ ಕೂರಿಸಿ, ಪಾತ್ರೆ ಬರಿದಾಗದಂತೆ ನೋಡಿಕೊಳ್ಳುತ್ತ, ಗುಳ್ಳೆ ಬರುವುದು ನಿಂತು ಸ್ವಚ್ಛ ದ್ರವ ಬರುವವರೆಗೆ ಗಾಳಿ ತೆಗೆದೆವು. ಸರಳಿನ ಚಲನೆಯನ್ನು ಮತ್ತೆ ಅಳೆದಾಗ ಮೊದಲ ಒತ್ತಿಗೂ ಹಲವು ಒತ್ತುಗಳ ನಂತರದ ಒತ್ತಿಗೂ ವ್ಯತ್ಯಾಸ ಉಳಿದಿರಲಿಲ್ಲ. ನಡುಹಗಲಿನ ಬಿ.ಎಚ್. ರಸ್ತೆಯಲ್ಲಿ ಮೊದಲನೆಯ ಗೇರ್, ರಿವರ್ಸ್ ಎರಡೂ ಸದ್ದಿಲ್ಲದೆ ಬಿದ್ದವು.

ಉಳಿದದ್ದು ಎರಡನೆಯ ಗೇರ್. ಅದಕ್ಕಾಗಿ ಬೆಳಗಿನ ತಂಪಿನಲ್ಲಿ ಕಾರನ್ನು ದೇವರಾಯನದುರ್ಗದ ಕಡೆಗೆ ಒಯ್ದೆ. ಏರಿನ ತಿರುವುಗಳಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಆ ಸಿಂಕ್ರೊ ಮೇಲೆ ಬೀಳುವಷ್ಟು ಹೊರೆ ಸಮತಟ್ಟಿನ ರಸ್ತೆಯಲ್ಲಿ ಬೀಳುವುದಿಲ್ಲ. ಊರು ದಾಟುವವರೆಗೆ ಎರಡನೆಯ ಗೇರ್ ತುಸು ತಡೆಯುತ್ತಿತ್ತು. ನ್ಯೂಟ್ರಲಿನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ಎಂಜಿನ್ ವೇಗ ಹೊಂದಿಸಿ, ಮತ್ತೆ ಒತ್ತಿ ಹಾಕಿದರೆ ಬೆಣ್ಣೆಯಷ್ಟು ಮೃದುವಾಗಿ ಬೀಳುತ್ತಿತ್ತು. ಸಿಂಕ್ರೊ ಮಾಡಬೇಕಾದ ಕೆಲಸವನ್ನು ಚಾಲಕನೇ ಮಾಡಿಕೊಟ್ಟಾಗ ತೊಂದರೆ ಮಾಯವಾಗುತ್ತದೆಂದರೆ ಸವೆತ ಸಿಂಕ್ರೊದಲ್ಲಿಯೇ ಇದೆ ಎಂದರ್ಥ. ಘಾಟಿಯಲ್ಲಿ ಎಣ್ಣೆ ಕಾದ ಮೇಲೆ ಆ ತಡೆಯೂ ಹೋಯಿತು, ಕರಕರ ಸದ್ದು ಎಲ್ಲಿಯೂ ಬರಲಿಲ್ಲ.

ಇಷ್ಟಕ್ಕಾಗಿ ಗೇರ್‌ಬಾಕ್ಸ್ ಇಳಿಸುವುದು ಬೇಡವೆಂದು ಮಾಲೀಕರಿಗೆ ಹೇಳಿದೆ. ಕ್ಲಚ್ ಡಿಸ್ಕ್ ಸವೆದು ಬದಲಿಸುವ ಕಾಲ ಬಂದಾಗ ಗೇರ್‌ಬಾಕ್ಸ್ ಹೇಗೂ ಕೆಳಗಿಳಿಯಬೇಕು. ಎರಡನೆಯ ಗೇರಿನ ಸಿಂಕ್ರೊ ಉಂಗುರ ಮತ್ತು ಪೈಲಟ್ ಬೇರಿಂಗನ್ನು ಆಗಲೇ ಬದಲಿಸುವುದೆಂದು ಕೆಲಸದ ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಅಲ್ಲಿಯವರೆಗೆ ಬೆಳಗಿನ ಮೊದಲ ಕೆಲವು ಕಿಲೋಮೀಟರ್ ಎರಡನೆಯ ಗೇರನ್ನು ಒತ್ತಾಯವಿಲ್ಲದೆ ಹಾಕಬೇಕು, ಎರಡು ವರ್ಷಕ್ಕೊಮ್ಮೆ ಕ್ಲಚ್ ದ್ರವವನ್ನು ಬದಲಿಸಬೇಕು, ಪ್ರತಿ ತಿಂಗಳೂ ಆ ಪುಟ್ಟ ಪಾತ್ರೆಯ ಮಟ್ಟವನ್ನು ನೋಡಬೇಕು. ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಿ ಹೊರಡದೆ ಸ್ಲೇವಿನ ರಬ್ಬರ್ ಟೋಪಿಯನ್ನು ತೆರೆಸಿ ನೋಡಬೇಕು.