ಕಾವೇರಿ ಕಡತಗಳಿಂದ ಅಂತರರಾಷ್ಟ್ರೀಯ ಸಂಬಂಧಗಳ ಪ್ರಬಂಧ: ನನ್ನ ಅನುಭವ

ಮೈಸೂರು ಸಂಸ್ಥಾನದ ಕಾವೇರಿ ಪತ್ರವ್ಯವಹಾರವನ್ನು ಅಂತರರಾಷ್ಟ್ರೀಯ ಸಂಬಂಧಗಳ ಸಾಮಗ್ರಿಯಾಗಿ ಓದುತ್ತೇನೆಂದಾಗ ವಿಭಾಗದ ಹಿರಿಯರು ಯಾರೂ ಒಪ್ಪಲಿಲ್ಲ. ಸಾರ್ವಭೌಮತ್ವವೇ ಇಲ್ಲದ ಸಂಸ್ಥಾನಕ್ಕೆ ರಾಜತಂತ್ರ ಎಲ್ಲಿಂದ ಬರಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಬ್ರಿಟಿಷ್ ಅಧಿಕಾರಿಗಳ ಹತ್ಯೆಯಾದ ಮಣಿಪುರದ ಪ್ರಕರಣದ ಬೆನ್ನಿಗೇ, 1891ರ ಆಗಸ್ಟ್‌ನಲ್ಲಿ, ದೇಶೀಯ ಸಂಸ್ಥಾನಗಳೊಂದಿಗಿನ ತನ್ನ ಸಂಬಂಧಕ್ಕೆ ಅಂತರರಾಷ್ಟ್ರೀಯ ಕಾನೂನಿನ ತತ್ವಗಳು ಅನ್ವಯಿಸುವುದಿಲ್ಲವೆಂದು ಭಾರತ ಸರ್ಕಾರ ಗೆಜೆಟ್‌ನಲ್ಲಿಯೇ ಪ್ರಕಟಿಸಿದ್ದರಿಂದ ಅವರ ಮಾತಿಗೆ ಆಧಾರವೂ ಇತ್ತು.

ಆದರೆ ಆರು ತಿಂಗಳೊಳಗೆ, 1892ರ ಫೆಬ್ರವರಿಯಲ್ಲಿ, ಮೈಸೂರು ಮತ್ತು ಮದರಾಸು ಸರ್ಕಾರಗಳು ಮಾಡಿಕೊಂಡ ಒಪ್ಪಂದವನ್ನು ಗಮನಿಸಬೇಕು. ಪಟ್ಟಿಯಲ್ಲಿರುವ ನದಿಗಳಿಗೆ ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಪೂರ್ವಾನುಮತಿ ಬೇಕು. ಆಗಲೇ ಪಡೆದು ಅನುಭವಿಸುತ್ತಿರುವ ಹಕ್ಕಿನ ರಕ್ಷಣೆಗಲ್ಲದೆ ಮದರಾಸು ಅನುಮತಿ ನಿರಾಕರಿಸುವಂತಿಲ್ಲ. ಭಿನ್ನಾಭಿಪ್ರಾಯ ಬಂದರೆ ಎರಡೂ ಸರ್ಕಾರಗಳು ನೇಮಿಸಿದ ಪಂಚರು ಅಥವಾ ಭಾರತ ಸರ್ಕಾರ ತೀರ್ಮಾನ ಕೊಡಬೇಕು. ಅಂತರರಾಷ್ಟ್ರೀಯ ಕಾನೂನು ಅನ್ವಯಿಸದೆಂದು ಸಾರಿದ ಸಾಮ್ರಾಜ್ಯದೊಳಗೇ ಇಂಥ ಕರಾರು ಹುಟ್ಟಿತೆಂಬುದು ನನ್ನ ವಾದದ ಬುಡ.

ಮೊದಲು, ರಾಷ್ಟ್ರಗಳ ನಡುವೆಯೂ ಮೇಲು-ಕೀಳಿನ ಅಧಿಕಾರ ಸಂಬಂಧವಿದೆಯೆನ್ನುವ ವಿದ್ವಾಂಸ ಡೇವಿಡ್ ಲೇಕ್ ಅವರ ಶ್ರೇಣೀಕರಣದ ಚೌಕಟ್ಟನ್ನು ಈ ಕಡತಗಳ ಮೇಲೆ ಹೊದಿಸಿ ಬರೆದೆ. ಎರಡು ಮೂರು ನಿಯತಕಾಲಿಕೆಗಳು ‘ಇದು ವಸಾಹತು ಆಡಳಿತದ ಇತಿಹಾಸ’ ಎಂಬ ಒಂದೇ ಧಾಟಿಯ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದವು. ಅನಂತರ ಕಡತಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರದಿಂದ ಪದಗಳನ್ನು ಎಣಿಸಲು ಯತ್ನಿಸಿದೆ. ಮುದ್ರಿತ ನಡಾವಳಿಗಳು ದಕ್ಕಿದವಾದರೂ ಕೈಬರಹದ ಟಿಪ್ಪಣಿಗಳಲ್ಲಿ ತಂತ್ರಾಂಶ ಕೈಕೊಟ್ಟಿತು. ತಿದ್ದಲು ನೇಮಿಸಿದ ಸಹಾಯಕರಿಗೇ 30 ಸಾವಿರ ರೂಪಾಯಿಯಷ್ಟು ಹೋಯಿತು. ಬೆಂಗಳೂರಿನ ರಾಜ್ಯ ಪತ್ರಾಗಾರ, ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರ, ದೆಹಲಿಯ ಜನಪಥದ ರಾಷ್ಟ್ರೀಯ ಪತ್ರಾಗಾರಗಳ ಓಡಾಟ, ವಸತಿ ಮತ್ತು ನಕಲು ಶುಲ್ಕ ಸೇರಿ ಒಂದೂವರೆ ಲಕ್ಷ ದಾಟಿರಬೇಕು. ಅನುದಾನದಿಂದ ಬಂದದ್ದು ಅದರ ಅರ್ಧವೂ ಅಲ್ಲ. ಉಳಿದುದನ್ನು ಸಂಬಳದಿಂದ ಭರಿಸಿದೆ.

ಕೊನೆಗೆ ಕೈಹಿಡಿದದ್ದು ಬಹಳ ಸರಳವಾದ ವಿಧಾನ. ಮೈಸೂರು, ಮದರಾಸು ಮತ್ತು ಭಾರತ ಸರ್ಕಾರಗಳ ಕಡತಗಳನ್ನು ಬೇರೆಬೇರೆಯಾಗಿ ಓದುವುದನ್ನು ಬಿಟ್ಟು, ಪತ್ರಕ್ಕೊಂದು ಚೀಟಿಯಂತೆ ಬರೆದು ಒಂದೇ ಕಾಲಾನುಕ್ರಮದಲ್ಲಿ ಜೋಡಿಸಿದೆ. ಚೀಟಿಯಲ್ಲಿ ಪತ್ರ ಹೊರಟ ದಿನಕ್ಕಿಂತ ತಲುಪಿದ ದಿನಕ್ಕೆ ಪ್ರಾಧಾನ್ಯ ಕೊಟ್ಟೆ. ಯಾವ ಪತ್ರ ಕೋರಿಕೆ, ಯಾವುದು ಬೇಡಿಕೆ, ಯಾವುದು ಎಚ್ಚರಿಕೆ ಎಂದು ವಿಂಗಡಿಸಿದ ಕೋಷ್ಟಕವನ್ನು ಪುಸ್ತಕ ಬರುವವರೆಗೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಹೀಗೆ ಜೋಡಿಸಿದಾಗ ಕನ್ನಂಬಾಡಿ ಅಣೆಕಟ್ಟೆಯ ಪ್ರಸಂಗ ಬೇರೆಯೇ ಆಗಿ ಕಂಡಿತು. ಮದರಾಸು ಸುಮಾರು 11 ಟಿಎಂಸಿಯ ಮೊದಲ ಹಂತಕ್ಕೆ ಮಾತ್ರ ಒಪ್ಪಿದ್ದರೂ, ಮೈಸೂರು 41 ಟಿಎಂಸಿಗೂ ಮೀರಿದ ಪೂರ್ಣ ಯೋಜನೆಗೆ ಸಾಲುವಷ್ಟು ಅಗಲದ ಅಡಿಪಾಯವನ್ನು ಹಾಕಿತ್ತು. ಮಾತುಕತೆಗೆ ಮುನ್ನವೇ ನೆಲದ ಮೇಲಿನ ಸ್ಥಿತಿಯನ್ನು ಬದಲಿಸಿಬಿಡುವ ಈ ನಡೆಯನ್ನು ವಿದ್ವಾಂಸ ಡಾನ್ ಆಲ್ಟ್‌ಮನ್ 2017ರಲ್ಲಿ ಸಾರ್ವಭೌಮ ರಾಷ್ಟ್ರಗಳ ಭೂಕಬಳಿಕೆಗಳಲ್ಲಿ ಗುರುತಿಸಿದ್ದಾರೆ. ಅಧೀನ ಸಂಸ್ಥಾನವೊಂದು ಅದನ್ನೇ ನೀರಿನ ವಿಷಯದಲ್ಲಿ ಮಾಡಿತೆಂದು ತೋರಿಸಿದವರು, ನಾನು ಬಲ್ಲಂತೆ, ನನಗಿಂತ ಮುಂಚೆ ಇಲ್ಲ. ಪಂಚರಾಗಿದ್ದ ಗ್ರಿಫಿನ್ ಅವರ 1914ರ ತೀರ್ಪು ಮೈಸೂರಿಗೆ ಅನುಕೂಲವಾಗಿ ಬಂದಾಗ ಮದರಾಸು ಲಂಡನ್ನಿನವರೆಗೆ ಹೋಯಿತು. 1924ರ ಒಪ್ಪಂದದವರೆಗಿನ ಹತ್ತು ವರ್ಷಗಳ ಹಗ್ಗಜಗ್ಗಾಟದಲ್ಲಿ ಆಜ್ಞೆಗಿಂತ ಚೌಕಾಸಿಯೇ ಹೆಚ್ಚು.

ಇದೇ ವಿಧಾನವನ್ನು ಬ್ರಿಟಿಷರ ವಶದಲ್ಲಿದ್ದ ಬೇರಾರ್ ಪ್ರಾಂತ್ಯವನ್ನು ಹೈದರಾಬಾದಿನ ನಿಜಾಮರು ಮರಳಿ ಕೇಳಿದ ವಿವಾದದ ಮೇಲೂ ಪ್ರಯೋಗಿಸಿ ನೋಡಿದೆ. ಅಲ್ಲಿ 1926ರ ಮಾರ್ಚ್‌ನಲ್ಲಿ ವೈಸ್‌ರಾಯ್ ರೀಡಿಂಗ್ ಅವರು ಬ್ರಿಟಿಷ್ ಪ್ರಭುತ್ವವೇ ಭಾರತದಲ್ಲಿ ಪರಮವೆಂದು ನಿಜಾಮರಿಗೆ ಬರೆದು ಬಾಗಿಲು ಮುಚ್ಚಿದ್ದರಿಂದ ಚೀಟಿಗಳ ಸಾಲು ಬೇಗನೆ ನಿಂತುಹೋಯಿತು. ಎದುರಾಳಿ ಇನ್ನೊಂದು ಪ್ರಾಂತ್ಯವಾಗಿದ್ದಾಗ ಸಂಸ್ಥಾನಕ್ಕೆ ಸಿಗುತ್ತಿದ್ದ ಅವಕಾಶ, ಎದುರಾಳಿ ಭಾರತ ಸರ್ಕಾರವೇ ಆದಾಗ ಇರಲಿಲ್ಲವೆಂಬ ಹೋಲಿಕೆ ಪ್ರಬಂಧಕ್ಕೆ ಬಲ ತಂದಿತು.

ಕೊನೆಯ ಸುತ್ತಿನಲ್ಲಿ ಪರಾಮರ್ಶಕರೊಬ್ಬರು, 1892 ಮತ್ತು 1924ರ ಒಪ್ಪಂದಗಳು ರಾಜಕೀಯ ಸ್ವರೂಪದವಲ್ಲವೆಂದು 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿರುವುದನ್ನು ಮುಂದಿಟ್ಟರು. ನ್ಯಾಯಾಲಯದ ಮುಂದಿದ್ದದ್ದು, ಸಂಸ್ಥಾನಗಳ ಹಳೆಯ ಒಪ್ಪಂದಗಳ ವಿವಾದವನ್ನು ನ್ಯಾಯಾಲಯಗಳಿಂದ ಹೊರಗಿಡುವ ಸಂವಿಧಾನದ 363ನೇ ವಿಧಿಯ ಪ್ರಶ್ನೆ, ನನ್ನ ಮುಂದಿರುವುದು ಸಹಿ ಹಾಕಿದವರ ನಡವಳಿಕೆಯ ಪ್ರಶ್ನೆ ಎಂದು ಚೀಟಿಗಳ ಸಮೇತ ಎರಡು ಪುಟ ಉತ್ತರ ಬರೆದೆ. ತಿಂಗಳೊಳಗೆ ಪ್ರಬಂಧ ಅಂಗೀಕಾರವಾಯಿತು.