ದೆಹಲಿಯ ಆದೇಶ ಮತ್ತು ನಮ್ಮ ಉಳ್ಳಾಗಡ್ಡಿ

ಮುಂಗಾರಿನ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಕಾಯುವ ಮಾಲಲ್ಲ. ಜೂನ್‌–ಜುಲೈನಲ್ಲಿ ಕೂರಿಗೆಯಿಂದ ಬಿತ್ತಿ ದೀಪಾವಳಿಯ ಆಸುಪಾಸಿನಲ್ಲಿ ಕಿತ್ತ ಗಡ್ಡೆಯಲ್ಲಿ ನೀರಿನಂಶ ಹೆಚ್ಚು, ಸಿಪ್ಪೆ ತೆಳು. ಸ್ವಲ್ಪ ದಿನ ಇಟ್ಟರೆ ಮೊಳಕೆ ಒಡೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ವಿಜಯಪುರ, ಸೊಲ್ಲಾಪುರ, ಯಶವಂತಪುರ, ಎಲ್ಲಿಗೆ ಒಯ್ದರೂ ಸವಾಲಿನಲ್ಲಿ (ಹರಾಜಿನಲ್ಲಿ) ಕೂಗಿದ ದರಕ್ಕೆ ಕೊಟ್ಟು ಬರಬೇಕು. ಕೊಲ್ಹಾರದ ಕಡೆಯ ನಮ್ಮ ಎರೆ ಹೊಲದಲ್ಲಿ ನಾನೂ ಬಹಳ ವರ್ಷ ಹೀಗೆಯೇ ಬೆಳೆದು ಮಾರಿದೆ. ಅದರಲ್ಲಿ ದಪ್ಪ ಗಡ್ಡೆಯನ್ನು ಸೊಲ್ಲಾಪುರದ ರಫ್ತುದಾರರೊಬ್ಬರು ಆರಿಸಿಕೊಳ್ಳುತ್ತಿದ್ದರು, ಪೇಟೆಗಿಂತ ನಾಲ್ಕು ಕಾಸು ಹೆಚ್ಚು ಕೊಡುತ್ತಿದ್ದರು.

2023 ಬಂತು. ಆಗಸ್ಟ್‌ 19ರಂದು ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ 40ರಷ್ಟು ಸುಂಕ ಹಾಕಿತು. ಅಕ್ಟೋಬರ್‌ ಕೊನೆಯಲ್ಲಿ ಟನ್ನಿಗೆ 800 ಡಾಲರ್‌ ಕನಿಷ್ಠ ರಫ್ತು ಬೆಲೆ ನಿಗದಿಯಾಯಿತು, ಅಂದರೆ ಅದಕ್ಕಿಂತ ಕಡಿಮೆಗೆ ಹೊರದೇಶಕ್ಕೆ ಮಾರುವಂತಿಲ್ಲ. ಡಿಸೆಂಬರ್‌ 8ರಿಂದ ರಫ್ತೇ ನಿಷೇಧ. “ಗೌಡರೇ, ಲಾರಿ ಕಳುಹಿಸಬೇಡಿ” ಎಂದು ಆ ರಫ್ತುದಾರರಿಂದ ಫೋನ್‌ ಬಂದಾಗ ನಮ್ಮಲ್ಲಿ ಚೀಲ ಹೊಲಿಯುವ ಕೆಲಸ ನಡೆದಿತ್ತು. ಅವರದೇನೂ ತಪ್ಪಿರಲಿಲ್ಲ. ಮಾಲು ಮಾತ್ರ ನನ್ನ ಅಂಗಳದಲ್ಲಿತ್ತು, ಪೇಟೆಯ ದರ ದಿನದಿನಕ್ಕೆ ಇಳಿಯುತ್ತಿತ್ತು.

ಆದೇಶ ಬದಲಾಗುವುದನ್ನು ನಾನು ತಡೆಯಲಾರೆ, ಬದಲಾಗುವವರೆಗೆ ಕಾಯಬಲ್ಲ ಗಡ್ಡೆ ಬೆಳೆಯಬಲ್ಲೆ ಎಂಬ ಲೆಕ್ಕದಿಂದ ಆಗಸ್ಟಿನ ಸುಂಕ ಬಂದಾಗಲೇ ಹಿಂಗಾರಿಗೆ ಹೊರಳಿದ್ದೆ. ಮುಳವಾಡ ಏತ ನೀರಾವರಿಯ ಕಾಲುವೆ ಮತ್ತು ನಮ್ಮ ಬಾವಿ, ಎರಡೂ ಇದ್ದುದರಿಂದ ಇದು ಸಾಧ್ಯವಾಯಿತು. ಮಳೆಯನ್ನೇ ನಂಬಿದವರಿಗೆ ಈ ಮಾತು ಹೇಳುವುದಿಲ್ಲ. ಅಕ್ಟೋಬರಿನಲ್ಲಿ ಮಡಿಗೆ ಬೀಜ ಹಾಕಿ, ಆರೇಳು ವಾರದ ಸಸಿಯನ್ನು ನಾಟಿ ಮಾಡಿದರೆ ಮಾರ್ಚ್‌–ಏಪ್ರಿಲ್‌ಗೆ ಕೊಯ್ಲು. ಥ್ರಿಪ್ಸ್‌ ನುಸಿಯ ಮೇಲೆ ಕಣ್ಣಿರಬೇಕು. ಆದರೆ ಕೊಯ್ಲು ಹತ್ತಿರವಾದಾಗ ಔಷಧ ಹೊಡೆದ ಮಾಲನ್ನು ರಫ್ತಿಗೆ ಕೊಡಬೇಡಿ, ಕೀಟನಾಶಕದ ಉಳಿಕೆ ಮಿತಿ ಮೀರಿದರೆ ಹೊರದೇಶದವರು ಮಾಲನ್ನೇ ತಿರಸ್ಕರಿಸಬಹುದು. ಯೂರಿಯಾವನ್ನು ತಡವಾಗಿ ಹಾಕಿದರೆ ಕತ್ತು ದಪ್ಪವಾಗುತ್ತದೆ, ಅಂಥ ಗಡ್ಡೆ ಉಳಿಯುವುದಿಲ್ಲ.

ಗಡ್ಡೆಯ ಆಯುಷ್ಯ ನಿರ್ಧಾರವಾಗುವುದು ಕೊನೆಯ ಒಂದು ತಿಂಗಳಲ್ಲಿ. ಅರ್ಧದಷ್ಟು ಗಿಡಗಳ ಕತ್ತು ಬಾಗಿದಾಗ ಕೀಳಬೇಕು, ಅದಕ್ಕೂ ಹತ್ತು ಹದಿನೈದು ದಿನ ಮುಂಚೆ ನೀರು ನಿಲ್ಲಿಸಬೇಕು. ತೂಕ ಹೆಚ್ಚಲಿ ಎಂದು ಕೊನೆಗೊಂದು ನೀರು ಬಿಡುವವರನ್ನು ನೋಡಿದ್ದೇನೆ; ಅವರ ತೂಕ ಆಷಾಢದ ಹೊತ್ತಿಗೆ ಕೊಳೆತು ಸೋರುತ್ತದೆ. ಕಿತ್ತ ಗಡ್ಡೆಗಳನ್ನು ಹೊಲದಲ್ಲೇ ಸಾಲಾಗಿ ಹರವಿ, ಒಂದು ಸಾಲಿನ ತಪ್ಪಲು ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಮೂರ್ನಾಲ್ಕು ದಿನ ಬಿಡುತ್ತೇವೆ. ನಮ್ಮ ಏಪ್ರಿಲ್‌ ಬಿಸಿಲಿಗೆ ಬರಿಗಡ್ಡೆ ಬಿಟ್ಟರೆ ಬೆಂದೇ ಹೋಗುತ್ತದೆ. ಆಮೇಲೆ ಕತ್ತನ್ನು ಒಂದು ಇಂಚಿನಷ್ಟು ಬಿಟ್ಟು ತಪ್ಪಲು ಕೊಯ್ದು, ಹತ್ತು ಹನ್ನೆರಡು ದಿನ ನೆರಳಿನಲ್ಲಿ ಆರಿಸುತ್ತೇವೆ. ಕತ್ತು ಪೂರ್ತಿ ಒಣಗಿ ಮುಚ್ಚಿಕೊಳ್ಳದ ಗಡ್ಡೆಯನ್ನು ಶೆಡ್ಡಿನೊಳಗೆ ಬಿಡುವುದಿಲ್ಲ. ನೆಲದಿಂದ ಎತ್ತರಿಸಿ, ಕೆಳಗೂ ಬದಿಗೂ ಗಾಳಿ ಆಡುವಂತೆ ಕಟ್ಟಿಸಿದ 25 ಟನ್ನಿನ ಶೆಡ್ಡು ಅದು. ತೋಟಗಾರಿಕೆ ಇಲಾಖೆಯಿಂದ ಸಹಾಯಧನ ಸಿಕ್ಕಿತು.

2024ರ ಮೇ 4ಕ್ಕೆ ನಿಷೇಧ ತೆರವಾಯಿತು, ಆದರೆ 550 ಡಾಲರ್‌ ಕನಿಷ್ಠ ಬೆಲೆ, ಮೇಲೆ ಶೇ 40 ಸುಂಕ. ಎರಡನ್ನೂ ಕೂಡಿಸಿದರೆ ಕಿಲೋಗೆ 64 ರೂಪಾಯಿಯ ಹತ್ತಿರ. ಅದಕ್ಕಿಂತ ಅಗ್ಗವಾಗಿ ಪಾಕಿಸ್ತಾನದ ಮಾಲು ಸಿಗುವಾಗ ದುಬೈಯವರು ನಮ್ಮದನ್ನೇಕೆ ಕೊಳ್ಳುತ್ತಾರೆ? ಆ ತಿಂಗಳ ಕೊನೆಗೆ ಚಿಕ್ಕಬಳ್ಳಾಪುರ–ಕೋಲಾರದ ಬೆಂಗಳೂರು ರೋಸ್‌ ಈರುಳ್ಳಿಗೆ ಸುಂಕದಿಂದ ವಿನಾಯಿತಿ ಸಿಕ್ಕಿತು, ನಮ್ಮ ಗಡ್ಡೆಗೆ ಸಿಗಲಿಲ್ಲ. ಸೆಪ್ಟೆಂಬರ್‌ 13ರಂದು ಕನಿಷ್ಠ ಬೆಲೆ ರದ್ದಾಗಿ ಸುಂಕ ಶೇ 20ಕ್ಕೆ ಇಳಿಯಿತು. ಶೆಡ್ಡಿನಲ್ಲಿ ಉಳಿದಿದ್ದ ಮಾಲು ಹೊರಗೆ ಬಂದದ್ದು ಆಗ. ಒಳಪೇಟೆಯಲ್ಲೂ ದರ ಏರಿತ್ತು, ಹಾಗಾಗಿ ಅರ್ಧವನ್ನು ಅಲ್ಲೇ ಕೊಟ್ಟೆ. 2025ರ ಏಪ್ರಿಲ್‌ 1ರಿಂದ ಸುಂಕ ಪೂರ್ತಿ ಹೋಯಿತು, ಆ ವರ್ಷ ದರವೂ ಹೋಯಿತು!

ನೀವೇ ಏಕೆ ರಫ್ತು ಮಾಡಬಾರದು ಎಂದು ಕೇಳುವವರಿದ್ದಾರೆ. ಆಮದು–ರಫ್ತು ಸಂಕೇತ ಸಂಖ್ಯೆಗೆ ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲೇ ಸಿಗುತ್ತದೆ. ಅಪೆಡಾ (ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನೋಂದಣಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇವೂ ಆಗದ ಕೆಲಸಗಳಲ್ಲ. ತೊಡಕಿರುವುದು ಕಂಟೇನರಿನಲ್ಲಿ. 40 ಅಡಿಯದಕ್ಕೆ 28 ಟನ್ನಿನಷ್ಟು ಒಂದೇ ಗಾತ್ರದ, ಒಂದೇ ಬಣ್ಣದ ಗಡ್ಡೆ ಬೇಕು. ಜೋಡುಗಡ್ಡೆ, ಸಿಪ್ಪೆ ಸುಲಿದದ್ದು, ಕಪ್ಪು ಬೂಷ್ಟು ಹಿಡಿದದ್ದು ತೆಗೆದರೆ ನನ್ನ ನಾಲ್ಕು ಎಕರೆಯಲ್ಲಿ ಅಷ್ಟು ಹೊರಡುವುದೇ ಕಷ್ಟ. ಹೊರಟರೂ ಮುಂಬೈ ಬಂದರಿನಲ್ಲಿ ಮಾಲಿರುವಾಗ ಹೊಸ ಆದೇಶ ಬಂದರೆ ನಷ್ಟ ಪೂರ್ತಿ ನನ್ನದು.

ಈಗ ರಫ್ತುದಾರರೊಂದಿಗೆ ನನ್ನ ಕರಾರು ಇಷ್ಟೆ: ಗಡ್ಡೆ ಆಯ್ದು ಬೇರ್ಪಡಿಸುವುದು ನನ್ನ ಶೆಡ್ಡಿನಲ್ಲಿ, ಅವರ ಮನುಷ್ಯನ ಎದುರಿಗೆ. ತೂಕ ಊರಿನ ವೇಬ್ರಿಜ್‌ನಲ್ಲಿ. ಮುಕ್ಕಾಲು ಹಣ ಖಾತೆಗೆ ಬಂದ ಮೇಲೆ ಲಾರಿ ಹೊರಡುತ್ತದೆ, ಉಳಿದದ್ದು ವಾರದೊಳಗೆ. ಸುಂಕ, ಬಂದರು, ಡಾಲರಿನ ಏರಿಳಿತ ಎಲ್ಲ ಅವರ ಪಾಲಿನದು. ಇದಕ್ಕಾಗಿ ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಹಿಡಿಯುತ್ತಾರೆ. ಹಿಡಿಯಲಿ. ಆರಿಸಿ ಉಳಿದ ಸಣ್ಣ ಗಡ್ಡೆ ವಿಜಯಪುರದ ಎಪಿಎಂಸಿಗೆ ಹೋಗುತ್ತದೆ.